ಮಗ ಬೆಂಚಿನ ಮೇಲೆಯೇ ಕೂರುತ್ತಾನೆ, ಆಟ ಬಿಡಿಸಲೇ?

ಪ್ರಶ್ನೆ: ಮೇಡಂ, ನಮ್ಮದು ಕಲಬುರಗಿ. ಮಗನಿಗೆ 15 ವರ್ಷ, ಒಂಬತ್ತನೇ ಕ್ಲಾಸ್. ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾನೆ. ಎತ್ತರ ಸ್ವಲ್ಪ ಕಡಿಮೆ. ಆಡುವ ಆರು ಜನರಲ್ಲಿ ಅವನ ಹೆಸರು ಬರುವುದೇ ಇಲ್ಲ. ಮೊನ್ನೆ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಪೂರ್ತಿ ಹೊರಗೇ ಕೂತಿದ್ದ. ಮನೆಗೆ ಬಂದವನೇ ಶೂ ಮೂಲೆಗೆ ಎಸೆದು, "ಅವ್ವಾ, ನಾ ಇನ್ನ ಹೋಗಂಗಿಲ್ಲ. ನೀರಿನ ಬಾಟ್ಲಿ ಹಿಡ್ಕೊಂಡು ನಿಂದ್ರಲಿಕ್ಕಿ ನಾನೇ ಬೇಕೇನು?" ಅಂದ. ನಮ್ಮ ಮನೆಯವರು ಪಿ.ಟಿ. ಮಾಸ್ತರನ್ನು ಕೇಳಿಯೇ ಬಿಡ್ತೀನಿ ಅಂತಾರೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಟ ಬಿಡಿಸು ಅಂತಾರೆ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಸಿಟ್ಟಿಗಿಂತ ಅವಮಾನ ಜಾಸ್ತಿ ಇದೆ. ಆಟ ಬೇಡವಾದ ಹುಡುಗ ಶೂ ಎಸೆಯುವುದಿಲ್ಲ, ಸುಮ್ನೆ ಹೋಗುವುದನ್ನು ನಿಲ್ಲಿಸುತ್ತಾನೆ. ಹಾಗಾಗಿ ಸದ್ಯಕ್ಕೆ ಆಟ ಬಿಡಿಸಬೇಡಿ. ಮಾಸ್ತರ ಹತ್ತಿರ ತಂದೆ ಹೋಗುವುದೂ ಬೇಡ. ಮಗನೇ ಹೋಗಲಿ.

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಎಲ್ಲ ನಿಂತಿರುವುದು ಇಲ್ಲೇ. ತಂದೆ ಹೋಗಿ ಕೇಳಿದರೆ ಮಾಸ್ತರು ಮುಲಾಜಿಗೆ ಒಂದೆರಡು ಪಾಯಿಂಟ್ ಆಡಿಸಬಹುದು. ತಂಡದ ಹುಡುಗರಿಗೆ ಅದು ಗೊತ್ತಾಗದೇ ಇರುತ್ತದಾ? ಆಮೇಲೆ ಅವನು ಚೆನ್ನಾಗಿ ಆಡಿದರೂ "ಅಪ್ಪ ಹೇಳಿದ್ದಕ್ಕೆ" ಅಂತಲೇ ಆಗುತ್ತದೆ.

ಅವನು ಏನು ಕೇಳಬೇಕು ಅನ್ನುವುದೂ ಮುಖ್ಯ. "ಸರ್, ನನ್ನನ್ನು ಯಾಕೆ ಆಡಿಸಲಿಲ್ಲ?" ಅಂದರೆ ಅದು ಜಗಳದ ಪ್ರಶ್ನೆ. "ಸರ್, ನೀವು ನನ್ನನ್ನು ಒಳಗೆ ಕಳಿಸಬೇಕು ಅಂದ್ರೆ ಯಾವ ಒಂದು ವಿಷಯದಲ್ಲಿ ನಾನು ಸುಧಾರಿಸಬೇಕು?" ಅಂದರೆ ಮಾಸ್ತರು ನಿಂತು ಯೋಚಿಸುತ್ತಾರೆ. ಪಂದ್ಯದ ದಿನ ಕೇಳುವುದು ಬೇಡ. ಅಭ್ಯಾಸ ಮುಗಿದು ನೆಟ್ ಬಿಚ್ಚುವ ಹೊತ್ತಿಗೆ ಕೇಳಲಿ. ಮಾಸ್ತರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಎರಡು ಮೂರು ವಾರ ಬಿಟ್ಟು "ಸರ್, ಈಗ ನೋಡ್ತೀರಾ?" ಅಂತ ಅವನೇ ಹೋಗಿ ತೋರಿಸಲಿ.

ಅವನು ಕೈಗೆತ್ತಿಕೊಳ್ಳಲು ಒಳ್ಳೆಯ ವಿಷಯ ಯಾವುದು ಅಂದರೆ ನಾನು ಸರ್ವಿಸ್ ಅನ್ನುತ್ತೇನೆ. ವಾಲಿಬಾಲಿನಲ್ಲಿ ಬೇರೆಯವರ ಸಹಾಯ ಇಲ್ಲದೆ ಒಬ್ಬನೇ ಚೆನ್ನಾಗಿ ಕಲಿಯಬಹುದಾದದ್ದು ಅದು. ಎತ್ತರವೂ ಅಲ್ಲಿ ಅಷ್ಟು ಅಡ್ಡ ಬರುವುದಿಲ್ಲ. ಫ್ಲೋಟ್ ಸರ್ವಿಸ್ ಕಲಿಯಲಿ. ಚೆಂಡನ್ನು ತುಂಬಾ ಮೇಲಕ್ಕೆ ಎಸೆಯದೆ, ಮಣಿಕಟ್ಟು ಗಟ್ಟಿ ಹಿಡಿದು, ಅಂಗೈಯ ಬುಡದಿಂದ ಚೆಂಡಿನ ನಡುಮಧ್ಯಕ್ಕೆ ಹೊಡೆದು ಕೈಯನ್ನು ಅಲ್ಲೇ ತಡೆಯಬೇಕು. ಚೆಂಡು ತಿರುಗದೆ ಹೋದರೆ ಗಾಳಿಯಲ್ಲಿ ಅಲ್ಲಾಡುತ್ತದೆ, ಎದುರಿನವರಿಗೆ ಅಂದಾಜು ಸಿಗುವುದಿಲ್ಲ. ಅಂಕಣದ ಹಿಂದಿನ ಎರಡು ಮೂಲೆಗಳಲ್ಲಿ ಒಂದೊಂದು ಹಳೇ ಟವೆಲ್ ಹಾಕಿ, ಅದಕ್ಕೇ ಗುರಿಯಿಟ್ಟು ಹೊಡೆಯಲಿ. ಸ್ಕೋರು 22–22 ಆದಾಗ ಯಾವ ಕೋಚ್ ಆದರೂ ನಂಬಿಕೆಯ ಸರ್ವರ್ ಯಾರಿದ್ದಾರೆ ಅಂತ ಬೆಂಚಿನ ಕಡೆ ನೋಡುತ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ಸೆಟ್ಟಿಗೆ ಆರು ಬದಲಾವಣೆಗೆ ಅವಕಾಶವಿದೆ. ಬದಲಿ ಆಟಗಾರ ಅನ್ನುವುದು ಆಟದೊಳಗಿನ ಕೆಲಸವೇ.

ಎತ್ತರದ ಚಿಂತೆಯನ್ನು ಈಗಲೇ ತಲೆಗೆ ತುಂಬಬೇಡಿ. ಕೆಲವು ಹುಡುಗರು 13ಕ್ಕೇ ಉದ್ದ ಬೆಳೆದುಬಿಡುತ್ತಾರೆ, ಕೆಲವರು 15–16ಕ್ಕೆ. ಶಾಲಾ ತಂಡಗಳಲ್ಲಿ ಬೇಗ ಬೆಳೆದವರಿಗೇ ಮೊದಲು ಜಾಗ ಸಿಗುತ್ತದೆ, ಇದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ನನಗೆ ಬೇಜಾರೂ ಇದೆ. ಕುಳ್ಳಗಿದ್ದಾಗ ಕಲಿತ ರಿಸೀವಿಂಗ್, ಡಿಫೆನ್ಸ್ ಆಮೇಲೆ ಎಲ್ಲೂ ಹೋಗುವುದಿಲ್ಲ. ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಎತ್ತುವವರಿಗಾಗಿಯೇ 1998ರಲ್ಲಿ ಲಿಬೆರೊ ಅನ್ನುವ ಜಾಗ ಬಂತು. ಅದರ ಬಗ್ಗೆಯೂ ಮಾಸ್ತರನ್ನು ವಿಚಾರಿಸಲಿ.

ಹೊರಗೆ ಕೂತವನಿಗೆ ಕಲಿಕೆಗಿಂತ ಜಾಸ್ತಿ ಕೊರತೆಯಾಗುವುದು ಪಂದ್ಯದ ಅನುಭವ. ಇದಕ್ಕೆ ನಮ್ಮ ಕಡೆ ದಾರಿ ಇದೆ. ಜಾತ್ರೆ ಹೊತ್ತಿಗೆ ಜೇವರ್ಗಿ, ಆಳಂದ, ಸೇಡಂ ಕಡೆಯ ಊರುಗಳಲ್ಲಿ ಹೊನಲು ಬೆಳಕಿನ ಪಂದ್ಯ ಇಡುತ್ತಾರಲ್ಲ, ಅಲ್ಲಿ ನಿಮ್ಮ ತವರಿನ ಹುಡುಗರ ಜೊತೆ ಆಡಲಿ. ಸೋತರೂ ಪರವಾಗಿಲ್ಲ, ಪೂರ್ತಿ ಮೂರು ಸೆಟ್ ಮೈದಾನದಲ್ಲಿ ನಿಲ್ಲುತ್ತಾನೆ.

ಮನೆಯಲ್ಲಿ ನೀವು ಮಾಡಬೇಕಾದ್ದು ಕಡಿಮೆ. ಪಂದ್ಯದ ದಿನ "ಆಡಿಸಿದ್ರಾ?" ಅಂತ ಬಾಗಿಲಲ್ಲೇ ಕೇಳಬೇಡಿ. ಊಟಕ್ಕೆ ಬಡಿಸಿ, ರೊಟ್ಟಿ ಮುಗಿಯಲಿ. ಅವನಾಗಿಯೇ ಶುರು ಮಾಡಿದರೆ ಕೇಳಿ. "ಇರಲಿ ಬಿಡು, ಮುಂದಿನ ಸಲ ಆಡ್ತೀಯಾ" ಅನ್ನುವ ಮಾತೂ ಬೇಡ, ಅದು ನಿಮ್ಮ ಕೈಯಲ್ಲಿಲ್ಲ ಅಂತ ಅವನಿಗೂ ಗೊತ್ತು. "ಹೊರಗೆ ಕೂರೋದು ಕಷ್ಟ ಆಯ್ತು ಅಲ್ವಾ" ಅಂದರೆ ಸಾಕು. ಎದುರು ಮನೆಯ ಹುಡುಗನ ಹೆಸರು ಎತ್ತಲೇಬೇಡಿ. ಮಕ್ಕಳ ಹುರುಪಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಮನಃಶಾಸ್ತ್ರಜ್ಞರು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್. ಮೂರು ವಿಷಯ ಬೇಕು ಅಂತಾರೆ ಅವರು: ಇದು ನನ್ನ ಆಯ್ಕೆ, ನನಗೆ ಇದು ಬರುತ್ತಿದೆ, ಇವರು ನನ್ನವರು. ಆರು ಜನರಲ್ಲಿ ಹೆಸರು ಇಲ್ಲದಿದ್ದರೂ ಈ ಮೂರೂ ಸಿಗಬಹುದು.

ಇನ್ನೊಂದು ಮಾತು ಅವನಿಗೆ ಹೇಳಿ. ನಮ್ಮ ಕರ್ನಾಟಕದ ಕ್ರಿಕೆಟಿಗ ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303 ರನ್ ಹೊಡೆದರು. ಭಾರತದ ಮುಂದಿನ ಟೆಸ್ಟ್‌ನ ಹನ್ನೊಂದರಲ್ಲಿ ಅವರಿರಲಿಲ್ಲ. ಹೊರಗೆ ಕೂತಿದ್ದಾನೆ ಅಂದ ಮಾತ್ರಕ್ಕೆ ಆಟ ಬರುವುದಿಲ್ಲ ಅಂತಲ್ಲ. ಕರುಣ್ 2017ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಆಡಿದರು, ಅದಾದ ಮೇಲೆ ಮತ್ತೆ ಭಾರತಕ್ಕೆ ಆಡಿದ್ದು 2025ರಲ್ಲಿ.

ಓದಿನ ವಿಷಯ: ಬೆಳಿಗ್ಗೆ ಒಂದು ಗಂಟೆ ಆಡಿದ್ದಕ್ಕೆ ಎಸ್ಸೆಸ್ಸೆಲ್ಸಿ ಕೆಡುವುದಿಲ್ಲ. ಅತ್ತೆಯವರಿಗೆ ಓದುವ ವೇಳೆ ಬರೆದು ತೋರಿಸಿ.

ತಂದೆ ಶಾಲೆಗೆ ಹೋಗಲೇಬೇಕಾದ ಸಂದರ್ಭವೂ ಇದೆ. ತಂಡದಲ್ಲಿ ಜಾತಿ ಹಿಡಿದೋ ಮೈಕಟ್ಟು ಹಿಡಿದೋ ಹೀಯಾಳಿಸಿದರೆ, ಹೊಡೆದರೆ, ನೋವಿದ್ದರೂ ಆಡಿಸಿದರೆ ಆಗ ಸುಮ್ಮನಿರಬೇಡಿ. ನಿದ್ದೆ, ಊಟ, ಗೆಳೆಯರು ಎಲ್ಲ ಬಿಟ್ಟು ವಾರಗಟ್ಟಲೆ ಮಂಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ.

ಬಿಡುವ ತೀರ್ಮಾನ ಈ ವಾರ ಬೇಡ. ಈ ಸಾಲಿನ ಪಂದ್ಯಗಳು ಮುಗಿಯಲಿ. ಆಮೇಲೆ ಯಾವುದಾದರೂ ಭಾನುವಾರ, ಸಿಟ್ಟಿಲ್ಲದ ಹೊತ್ತಿನಲ್ಲಿ ಅವನನ್ನೇ ಕೇಳಿ. ಆಗಲೂ ಬೇಡ ಅಂದರೆ ಒಪ್ಪಿಕೊಳ್ಳಿ, ಆಟ ಅವನದು.