ಜಠರದ ಕ್ಯಾನ್ಸರ್: ರಕ್ತಪರೀಕ್ಷೆ ನೋಡಿ ಆಯಸ್ಸು ಹೇಳಬಹುದೇ?

ಆಪರೇಷನ್‌ಗೆ ಮುಂಚಿನ ರಿಪೋರ್ಟಿನಲ್ಲಿ ನಿಮ್ಮ ತಂದೆಯವರ ಬಿಳಿ ರಕ್ತಕಣ 8,400, ಅದರಲ್ಲಿ ನ್ಯೂಟ್ರೋಫಿಲ್ ಎಂಬ ಬಗೆ 72%, ಲಿಂಫೋಸೈಟ್ ಎಂಬ ಬಗೆ 16%, ಆಲ್ಬುಮಿನ್ (ರಕ್ತದಲ್ಲಿನ ಒಂದು ಪ್ರೋಟೀನ್) 3.1 ಎಂದು ಬರೆದು, ಅವರು ಇನ್ನು ಎಷ್ಟು ಕಾಲ ಬದುಕುತ್ತಾರೆ ಎಂದು ಕೇಳಿದ್ದೀರಿ. ಇಷ್ಟರಿಂದ ಇನ್ನು ಎಷ್ಟು ತಿಂಗಳು ಎಂದು ಯಾರೂ ಹೇಳಲಾರರು. ಆದರೂ ಈ ಅಂಕಿಗಳು ವ್ಯರ್ಥವಲ್ಲ.

ಮೊದಲು ಎನ್‌ಎಲ್‌ಆರ್, ಅಂದರೆ ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತ. ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿ: 6,048 ÷ 1,344 = 4.5. ದೇಹದಲ್ಲಿ ಉರಿಯೂತ ಹೆಚ್ಚಿ, ಗಡ್ಡೆಯ ವಿರುದ್ಧ ಹೋರಾಡುವ ಲಿಂಫೋಸೈಟ್ ಕಡಿಮೆಯಾದಾಗ ಇದು ಏರುತ್ತದೆ. ಹೆಚ್ಚಿದ್ದವರ ಗುಂಪಿನಲ್ಲಿ ಸರಾಸರಿ ಬದುಕುಳಿಯುವಿಕೆ ಕಡಿಮೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ಆದರೆ ಗಡಿ ಯಾವುದೆಂಬುದರಲ್ಲಿ ಒಮ್ಮತವಿಲ್ಲ: ಒಬ್ಬರು 2 ಅಂದರೆ ಇನ್ನೊಬ್ಬರು 5 ಅನ್ನುತ್ತಾರೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಮರುದಿನ, ಸೋಂಕಿದ್ದಾಗ, ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಆದಮೇಲೆ ಈ ಅನುಪಾತ ಸುಳ್ಳೇ ಏರುತ್ತದೆ. ರಕ್ತ ಯಾವ ದಿನ ತೆಗೆದದ್ದು, ಆಗ ಯಾವ ಔಷಧಿ ನಡೆಯುತ್ತಿತ್ತು ನೋಡಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸುವ ಅನುಪಾತಕ್ಕೂ ಇಂಥದ್ದೇ ತೊಡಕು: ಗಡ್ಡೆಯಿಂದ ರಕ್ತ ಒಸರಿ ಕಬ್ಬಿಣಾಂಶ ಕಡಿಮೆಯಾದರೂ ಪ್ಲೇಟ್‌ಲೆಟ್ ಹೆಚ್ಚುತ್ತದೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಪಿಎನ್‌ಐ, ಜಪಾನಿನ ಒನೋಡೆರಾ 1984ರಲ್ಲಿ ಕೊಟ್ಟ ಪೋಷಣೆಯ ಸೂಚ್ಯಂಕ. ಆಲ್ಬುಮಿನ್ (ಡೆಸಿಲೀಟರಿಗೆ ಗ್ರಾಂ) × 10, ಅದಕ್ಕೆ ಲಿಂಫೋಸೈಟ್ ಸಂಖ್ಯೆ × 0.005 ಕೂಡಿಸಿ: 31 + 6.7 = 37.7. ಲ್ಯಾಬ್ ಆಲ್ಬುಮಿನ್ ಅನ್ನು ಲೀಟರಿಗೆ 31 ಗ್ರಾಂ ಎಂದು ಕೊಟ್ಟಿದ್ದರೆ ಮತ್ತೆ ಹತ್ತರಿಂದ ಗುಣಿಸಬೇಡಿ. 40ಕ್ಕಿಂತ ಕೆಳಗಿದ್ದರೆ ಕರುಳಿನ ಜೋಡಣೆ ಸೋರುವಂಥ ತೊಂದರೆಗಳ ಭಯ ಹೆಚ್ಚು. ಹೀಗಾಗಿ ಆಪರೇಷನ್‌ಗೆ ಮುಂಚೆ ಪೋಷಣೆಗೆ ಸಮಯ ಬೇಕೇ ಎಂದು ಸರ್ಜನ್‌ರನ್ನು ಈಗಲೇ ಕೇಳಿ. ಪೌಷ್ಟಿಕತೆ ತೀರಾ ಕುಸಿದವರಿಗೆ ಸಾಮಾನ್ಯವಾಗಿ 7ರಿಂದ 14 ದಿನ ಕೊಡುತ್ತಾರೆ. ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.2–1.5 ಗ್ರಾಂ ಪ್ರೋಟೀನ್, ತಿಂದದ್ದು ಇಳಿಯದಿದ್ದರೆ ಕರುಳಿಗೆ ನಳಿಕೆ. ಅಷ್ಟರಲ್ಲಿ ಆಲ್ಬುಮಿನ್ ಅಂಕಿ ಏರದಿದ್ದರೆ ಎದೆಗುಂದಬೇಡಿ, ಅದರ ಅರ್ಧಾಯುಷ್ಯವೇ ಸುಮಾರು 20 ದಿನ. ಆಲ್ಬುಮಿನ್ ಬಾಟಲಿ ಏರಿಸಿದರೆ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ, ದೇಹಕ್ಕೆ ಅನ್ನ ಸಿಕ್ಕಂತಾಗುವುದಿಲ್ಲ.

ಉರಿಯೂತ ಅಳೆಯುವ ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿಲ್ಲದಿದ್ದರೆ ಕೇಳಿ ನೋಡಿ. ಅದು ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಆಲ್ಬುಮಿನ್ ಇಳಿದದ್ದಕ್ಕೆ ಉರಿಯೂತವೂ ಕಾರಣವಿರಬಹುದು, ಬರೀ ಊಟದ ಕೊರತೆಯಲ್ಲ.

ಮುನ್ಸೂಚನೆಯ ದೊಡ್ಡ ಪಾಲು ಇರುವುದು ಹಂತದಲ್ಲಿ: ಗಡ್ಡೆ ಗೋಡೆಯೊಳಗೆ ಎಷ್ಟು ಆಳ ಇಳಿದಿದೆ, ಎಷ್ಟು ಲಿಂಫ್ ಗ್ರಂಥಿಗೆ ಹರಡಿದೆ, ಹೊಟ್ಟೆಯ ಪೊರೆಗೆ ತಾಗಿದೆಯೇ. ಆಪರೇಷನ್ ಆದಮೇಲೆ ಬಯಾಪ್ಸಿ ರಿಪೋರ್ಟಿನಲ್ಲಿ ಕನಿಷ್ಠ 16 ಗ್ರಂಥಿ ಪರೀಕ್ಷಿಸಿದ್ದಾರೆಯೇ ಎಂದು ತಪ್ಪದೆ ನೋಡಿ. ಅದಕ್ಕಿಂತ ಕಡಿಮೆಯಾದರೆ ಹಂತವನ್ನೇ ನಿಜಕ್ಕಿಂತ ಕೆಳಗೆ ಅಳೆದಿರುವ ಸಾಧ್ಯತೆ ಇರುತ್ತದೆ.