ವಯಸ್ಸಾದ ಮಾವನವರಿಗೆ ಆತ್ಮರಕ್ಷಣೆಗೆ ಯಾವ ರಿವಾಲ್ವರ್ ಸರಿ?

ಟೆಕ್ಸಾಸ್‌ನಲ್ಲಿರುವ ನಿಮ್ಮ ಮಾವನವರಿಗೆ ವಯಸ್ಸಾಗಿದೆ, ಬೆರಳ ಗಂಟುಗಳಲ್ಲಿ ನೋವಿದೆ, ಮನೆಯಲ್ಲಿಡಲು ಹಗುರವಾದ ಪುಟ್ಟ ರಿವಾಲ್ವರ್ ಸಾಕಲ್ವಾ ಅಂತ ಕೇಳಿದ್ದೀರಿ. ಅದನ್ನು ಮಾತ್ರ ಕೊಡಿಸಬೇಡಿ. ಸ್ಮಿತ್ ಅಂಡ್ ವೆಸನ್ 642 ಸುಮಾರು 400 ಗ್ರಾಂ ತೂಗುತ್ತದೆ, ಜೇಬಿಗೆ ಚೆನ್ನ, ಆದರೆ ಗನ್ ಹಗುರವಾದಷ್ಟೂ ಕೈಗೆ ಒದೆತ ಜಾಸ್ತಿ, ಕೈ ನೋಯುತ್ತದೆ ಅಂತ ಎಷ್ಟೋ ಜನ ಆಮೇಲೆ ಅಭ್ಯಾಸಕ್ಕೇ ಹೋಗುವುದಿಲ್ಲ. ಮನೆಯಲ್ಲೇ ಇಡುವುದಾದರೆ ತೂಕ ಇರಲಿ. ಅದೇ ಕಂಪನಿಯ ಮಾಡೆಲ್ 10 ನೋಡಿ, ಉಕ್ಕಿನದು, 4 ಇಂಚಿನ ನಳಿಕೆ, ಒಂದು ಕಿಲೋ ಹತ್ತಿರ. ಗುಂಡು .38 ಸ್ಪೆಷಲ್ ಸಾಕು. ಅದರಲ್ಲೂ ಮೂತಿ ಚಪ್ಪಟೆಯಾದ ವಾಡ್‌ಕಟರ್ ಮೆತ್ತಗೆ ಒದೆಯುತ್ತದೆ.

ನಿಜವಾದ ಕಷ್ಟ ಟ್ರಿಗರ್. ಡಬಲ್ ಆಕ್ಷನ್‌ನಲ್ಲಿ, ಅಂದರೆ ಟ್ರಿಗರ್‌ನ ಒಂದೇ ಎಳೆತಕ್ಕೆ ಸುತ್ತಿಗೆ ಹಿಂದೆ ಸರಿದು ಗುಂಡೂ ಹಾರುವ ಬಗೆಯಲ್ಲಿ, ಒಂದೇ ಬೆರಳು ಸುಮಾರು 5 ಕಿಲೋ ಬಲ ಹಾಕಿ ಉದ್ದಕ್ಕೂ ಎಳೆಯಬೇಕು. ಅಂಗಡಿಯವರನ್ನು ಕೇಳಿ, ಗನ್ ಖಾಲಿ ಇದೆಯಾ ಅಂತ ನೋಡಿಕೊಂಡು, ಜನರಿಲ್ಲದ ಕಡೆ ಗುರಿಯಿಟ್ಟು ಅವರೇ ಆರು ಸಲ ಎಳೆಯಲಿ. ಮೂತಿ ಅಲುಗಾಡಿದರೆ ಅದು ಅವರಿಗಲ್ಲ. ಗುಂಡು ಹೊಡೆದು ಅಭ್ಯಾಸ ಮಾಡುವ ಎಷ್ಟೋ ರೇಂಜ್‌ಗಳಲ್ಲಿ ಗನ್ ಬಾಡಿಗೆಗೆ ಸಿಗುತ್ತದೆ, ಹೊಡೆದು ನೋಡಿಯೇ ಕೊಳ್ಳಿ.

ಮರೆವು ಶುರುವಾಗಿದ್ದರೆ ಅಥವಾ ಮನಸ್ಸು ಕುಗ್ಗಿದ್ದರೆ ಗನ್ನೇ ಬೇಡ, ಗಟ್ಟಿ ಬಾಗಿಲು, ಒಳ್ಳೆ ಬೀಗ ಹಾಕಿಸಿ. ಮೊಮ್ಮಕ್ಕಳು ಓಡಾಡುವ ಮನೆಯಾದರೆ, ಬಟನ್ ಒತ್ತಿ ತೆರೆಯುವ ಪುಟ್ಟ ತಿಜೋರಿಯನ್ನೂ ಅವತ್ತೇ ತನ್ನಿ.