ಹೊಸ ಟಿವಿಯಲ್ಲಿ ಸಿನಿಮಾ ಸೀರಿಯಲ್ ತರ ಕಾಣುವುದು ಯಾಕೆ?

ನಿಮ್ಮ ಟಿವಿ ಕೆಟ್ಟಿಲ್ಲ, ವಾಪಸ್ ಕೊಡಬೇಡಿ. ಸಿನಿಮಾ ಹಾಕಿದರೆ ಸೀರಿಯಲ್ ತರ ಅತಿಯಾಗಿ ನುಣುಪಾಗಿ ಓಡುತ್ತದೆ ಅನಿಸಿದರೆ, ಅದು ಮೋಷನ್ ಸ್ಮೂದಿಂಗ್ ಅನ್ನೋ ಸೆಟ್ಟಿಂಗ್‌ನ ಕೆಲಸ.

ಸಿನಿಮಾಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ, ಅಂದರೆ 24 ಬಿಡಿ ಚಿತ್ರಗಳಲ್ಲಿ, ತೆಗೆಯುತ್ತಾರೆ. ಟಿವಿ ಪರದೆ ಸೆಕೆಂಡಿಗೆ 60 ಅಥವಾ 120 ಸಲ ಬದಲಾಗುತ್ತದೆ. ಆ ಅಂತರ ತುಂಬಲು ಟಿವಿಯ ಚಿಪ್ ಅಕ್ಕಪಕ್ಕದ ಎರಡು ಫ್ರೇಮ್ ನೋಡಿ, ಮಧ್ಯೆ ಹೀಗಿರಬಹುದು ಅಂತ ಊಹಿಸಿ ತಾನೇ ಹೊಸ ಫ್ರೇಮ್ ಸೇರಿಸುತ್ತದೆ. ಅಂದರೆ ಕ್ಯಾಮೆರಾ ಯಾವತ್ತೂ ತೆಗೆಯದ ಚಿತ್ರಗಳನ್ನು ನೀವು ನೋಡುತ್ತಿದ್ದೀರಿ! ನನಗಂತೂ ಇದು ಸ್ವಲ್ಪವೂ ಇಷ್ಟವಿಲ್ಲ. ಅಷ್ಟು ಜನ ಕಷ್ಟಪಟ್ಟು ತೆಗೆದ ದೃಶ್ಯವನ್ನು ಅವರು ತೆಗೆದ ಹಾಗೇ ನೋಡಬೇಕು, ಅಲ್ವಾ? ವೇಗವಾಗಿ ಕೈ ಬೀಸಿದಾಗ ಅಂಚು ಕದಡಿದಂತೆ ಕಾಣುವುದೂ ಎಷ್ಟೋ ಸಲ ಇದರಿಂದಲೇ. 2018ರಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ, ದಯವಿಟ್ಟು ಇದನ್ನು ಆಫ್ ಮಾಡಿ ಅಂತ ವಿಡಿಯೋ ಮಾಡಿಯೇ ಕೇಳಿಕೊಂಡಿದ್ದರು.

ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಹೀಗೆ ಒಂದೊಂದು ಕಂಪನಿಗೆ ಒಂದೊಂದು ಹೆಸರು. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಇನ್ನೂ ಸುಲಭ, ಅದನ್ನು ಆರಿಸಿದರೆ ಸ್ಮೂದಿಂಗ್ ತಾನೇ ನಿಲ್ಲುತ್ತದೆ. ಚಿತ್ರ ಮೊದಲು ಸ್ವಲ್ಪ ಮಂಕು, ಹಳದಿ ಅನಿಸಬಹುದು. ಕೂಡಲೇ ಬದಲಾಯಿಸಬೇಡಿ, ಕಣ್ಣು ಒಗ್ಗಿಕೊಳ್ಳಲಿ.

ಆಟದ ನೇರಪ್ರಸಾರಕ್ಕೆ ಬೇಕಿದ್ದರೆ ಆನ್ ಇಟ್ಟುಕೊಳ್ಳಿ, ಅಲ್ಲಿ ಚೆಂಡು ಸ್ಪಷ್ಟವಾಗಿ ಕಾಣುತ್ತದೆ. ಪೂರ್ತಿ ಆಫ್ ಮಾಡಿದ ಮೇಲೆ ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಚಿತ್ರ ಜಾಸ್ತಿ ಕುಲುಕಿದರೆ, ಎಲ್ಲಕ್ಕಿಂತ ಕಡಿಮೆ ಮಟ್ಟಕ್ಕೆ ಇಟ್ಟು ನೋಡಿ.